ಹಳೇ ಪಂಚೆಯಲ್ಲಿ ಮೊಳಕೆ ಕಾಳು

ಹೊಸದಾಗಿ ಮದುವೆ ಆಗಿ, ಇಬ್ಬರದ್ದೇ ಸಂಸಾರನಾ?
ಮೊಳಕೆ ಕಾಳಿನ ಪ್ಯಾಕೆಟ್‌ಗೆ ಯಾಕೆ ದುಡ್ಡು ಕೊಡ್ತೀರಾ?

ಒಂದು ಹಿಡಿ ಹೆಸರುಕಾಳು ತಗೊಳ್ಳಿ.
ರಾತ್ರಿ ನೆನೆಹಾಕಿ.
ಬೆಳಿಗ್ಗೆ ನೀರು ಬಸಿದು, ತೊಳೆದು,
ಹಳೇ ಪಂಚೆಯ ಒದ್ದೆ ತುಂಡಲ್ಲಿ ಗಂಟು ಕಟ್ಟಿ.
ಬಟ್ಟೆ ಒಣಗಿದ್ರೆ ನೀರು ಚಿಮುಕಿಸಿ.
ಮಾರನೇ ದಿನ ಬಿಚ್ಚಿ ನೋಡಿ, ಬಿಳೀ ಮೊಳಕೆ!

ಒಳಗೆ ಏನಾಯ್ತು?
ಒಣ ಕಾಳು ಅಂದ್ರೆ ಬೀಗ ಹಾಕಿದ ಕಣಜ.
ನೀರೇ ಅದರ ಬೀಗದಕೈ.
ಗಿಡ ಆಗೋಕೆ ಕಾಳು ತನ್ನ ದಾಸ್ತಾನು ಬಿಚ್ಚುತ್ತೆ.
ಮೊದಲು ಇಲ್ಲವೇ ಇಲ್ಲ ಅನ್ನುವಷ್ಟಿದ್ದ ವಿಟಮಿನ್ ಸಿ ಹೆಚ್ಚುತ್ತೆ.
ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುತ್ತೆ.

ಹಸಿಯಾಗಿ ತಿನ್ನಬೇಡಿ, ಹಬೆಯಲ್ಲಿ ಬೇಯಿಸಿ.
ಅರ್ಧ ಉಸ್ಲಿಗೆ, ಅರ್ಧ ಸಾರಿಗೆ.
ಲೋಳೆ ಬಂದ್ರೆ, ವಾಸನೆ ಬಂದ್ರೆ, ಬಿಸಾಕಿ.

ಹುರುಳಿ, ಮಡಕೆ ಕಾಳು, ಅಲಸಂದೆಗೂ ಇದೇ ದಾರಿ.
ಇವತ್ತು ರಾತ್ರಿ ನೀವು ಯಾವ ಕಾಳು ನೆನೆಹಾಕ್ತೀರಾ?