ಋಷಿಋಣ: ಕನ್ನಡದಲ್ಲಿ ಗುರುಸ್ಮರಣೆಯ ಪರಂಪರೆ

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂಬುದು ವೈದಿಕ ಸಂಪ್ರದಾಯದ ಮಾತು. ಯಜ್ಞದಿಂದ ದೇವಋಣವೂ ಸಂತಾನದಿಂದ ಪಿತೃಋಣವೂ ತೀರುತ್ತವೆ; ಋಷಿಋಣ ತೀರುವುದು ಅಧ್ಯಯನದಿಂದ. ಎಂದರೆ, ಇದು ಕೊಟ್ಟವನಿಗೇ ಹಿಂದಿರುಗಿಸಿ ಚುಕ್ತಾ ಮಾಡುವ ಸಾಲವಲ್ಲ. ಪಡೆದುದನ್ನು ಉಳಿಸಿ, ಬೆಳೆಸಿ, ಮುಂದಿನವರ ಕೈಗೆ ಒಪ್ಪಿಸುವುದೇ ಇದರ ಸಂದಾಯ. ಆದರೆ ಪಡೆದದ್ದು ಯಾರಿಂದ ಎಂಬುದನ್ನು ಹೇಳಿಡುವ ಕರ್ತವ್ಯವೊಂದು ಉಳಿಯುತ್ತದೆ. ಕನ್ನಡ ಸಾಹಿತ್ಯ ಈ ಕರ್ತವ್ಯವನ್ನು ಮೊದಲಿನಿಂದಲೂ ಮರೆತಿಲ್ಲ.

941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ತನ್ನ ಗುರು ದೇವೇಂದ್ರಮುನಿಯನ್ನು ಸ್ಮರಿಸಿದ್ದಾನೆ. ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನಿಗೆ ಅಜಿತಸೇನಾಚಾರ್ಯರು ಗುರುಗಳಾದರು. ಆಶ್ರಯ ಕೊಟ್ಟ ಅರಸನ ಹೆಸರಿನೊಡನೆ ವಿದ್ಯೆ ಕೊಟ್ಟ ಮುನಿಯ ಹೆಸರೂ ಕಾವ್ಯದಲ್ಲಿ ನಿಂತದ್ದು ಗಮನಾರ್ಹವಾದುದು. ಈ ಕವಿಗಳು ಹೆಸರಿಸದಿದ್ದರೆ ಆ ಗುರುಗಳು ಇಂದಿನ ಓದುಗರಿಗೆ ತಿಳಿಯುತ್ತಿದ್ದರೇ ಎಂಬುದು ಸಂದೇಹ.

ಆಧುನಿಕ ಕಾಲದಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಮುಂದಿಡುವ ಹೆಸರು ಪ್ರೊಫೆಸರ್ ಟಿ. ಎಸ್. ವೆಂಕಣ್ಣಯ್ಯನವರದು (1885–1939). ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಅಧ್ಯಾಪನಕ್ಕೆ ತಳಹದಿ ಹಾಕಿದವರಲ್ಲಿ ಅಗ್ರಗಣ್ಯರು. ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಸೇರಿ ಅವರು ಸಿದ್ಧಪಡಿಸಿದ ಹರಿಶ್ಚಂದ್ರಕಾವ್ಯದ ಸಂಗ್ರಹ ರಾಘವಾಂಕನನ್ನು ಸಾಮಾನ್ಯ ಓದುಗರ ಬಳಿಗೆ ತಂದಿತು. ಆದರೂ ಅವರು ಬರೆದದ್ದಕ್ಕಿಂತ ಬರೆಸಿದ್ದು ಹೆಚ್ಚು. ಗ್ರಂಥಗಳ ಪಟ್ಟಿಯಿಂದ ಇಂಥವರ ಸಾಧನೆಯನ್ನು ಅಳೆಯಲಾಗದು. ಅದರ ಲೆಕ್ಕ ಸಿಗುವುದು ಶಿಷ್ಯರ ಬರಹಗಳಲ್ಲಿ.

ಅವರ ಶಿಷ್ಯರಾದ ಕುವೆಂಪು ಅವರು ಶ್ರೀರಾಮಾಯಣದರ್ಶನಂ ಮಹಾಕಾವ್ಯವನ್ನು ಆರಂಭಿಸಿದ್ದು 1936ರಲ್ಲಿ, ಮುಗಿಸಿದ್ದು 1946ರಲ್ಲಿ. ನಡುವೆ, 1939ರಲ್ಲಿ, ಗುರುಗಳು ತೀರಿಕೊಂಡಿದ್ದರು. 1949ರಲ್ಲಿ ಅಚ್ಚಿನಲ್ಲಿ ಬಂದ ಆ ಕಾವ್ಯ ವೆಂಕಣ್ಣಯ್ಯನವರಿಗೆ ಅರ್ಪಿತವಾಯಿತು. ಒಪ್ಪಿಸಿದ ಕೆಲಸವನ್ನು ಮುಗಿಸಿದ ವಿದ್ಯಾರ್ಥಿ ಅದನ್ನು ಗುರುವಿನ ಸನ್ನಿಧಿಗೆ ತರುವ ಭಾವ ಅರ್ಪಣೆಯ ಆ ಕವಿತೆಯಲ್ಲಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ 1955ರ ಪ್ರಶಸ್ತಿಯೂ 1967ರ ಜ್ಞಾನಪೀಠವೂ ಈ ಕಾವ್ಯಕ್ಕೆ ಬಂದವು. ಹೀಗಾಗಿ, ಸ್ವಂತಕ್ಕೆ ಕೀರ್ತಿಯನ್ನು ಅರಸದ ಅಧ್ಯಾಪಕರೊಬ್ಬರ ಹೆಸರು ಮಹಾಕಾವ್ಯದ ಹೊಸ್ತಿಲಲ್ಲಿಯೇ ಓದುಗನನ್ನು ಎದುರುಗೊಳ್ಳುತ್ತದೆ.

ಗುರುವಿನ ಉಪಕಾರ ಯಾವಾಗಲೂ ಮೆಚ್ಚುಗೆಯ ರೂಪದಲ್ಲಿಯೇ ಬರುವುದಿಲ್ಲ. 1924ರಲ್ಲಿ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತೋರಿಸಿದಾಗ ದೊರೆತದ್ದು ಮಾತೃಭಾಷೆಯಲ್ಲಿ ಬರೆಯಬೇಕೆಂಬ ಸಲಹೆ. ಕಸಿನ್ಸರು ಅವರ ತರಗತಿಯ ಗುರುಗಳಲ್ಲ, ಭೇಟಿಯೂ ಅಲ್ಪಕಾಲದ್ದು. ಆದರೂ ಆ ಮಾತಿನ ಋಣವನ್ನು ಕುವೆಂಪು ಸ್ಮರಿಸಿದ್ದಾರೆ.

ಗುರುಸ್ಮರಣೆಗೆ ಬೇರೆ ರೂಪಗಳೂ ಉಂಟು. ಇಂಗ್ಲಿಷ್ ಅಧ್ಯಾಪಕರಾಗಿದ್ದು ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ. ಎಂ. ಶ್ರೀಕಂಠಯ್ಯನವರಿಗೆ ಶಿಷ್ಯರೂ ಮಿತ್ರರೂ 1941ರಲ್ಲಿ 'ಸಂಭಾವನೆ' ಎಂಬ ಗ್ರಂಥವನ್ನು ಅರ್ಪಿಸಿದರು. ಇದು ಸಾಮೂಹಿಕ ಸ್ಮರಣೆ. ಡಿ. ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಕಾಣುವುದು ವ್ಯಕ್ತಿಚಿತ್ರದ ಮಾರ್ಗ. ಅಲ್ಲಿ ದೊಡ್ಡವರು ದೇವರಾಗಿಲ್ಲ. ನಡೆನುಡಿ, ಹಾಸ್ಯ, ಛಲಗಳೊಡನೆ ಮನುಷ್ಯರಾಗಿಯೇ ಉಳಿದಿದ್ದಾರೆ. ಬರಿಯ ಸ್ತೋತ್ರದಲ್ಲಿ ಒಬ್ಬ ಗುರುವಿಗೂ ಇನ್ನೊಬ್ಬನಿಗೂ ವ್ಯತ್ಯಾಸ ತೋರದು. ಏನನ್ನು ಕಲಿಸಿದರು, ಹೇಗೆ ತಿದ್ದಿದರು, ಯಾವ ಪುಸ್ತಕವನ್ನು ಕೈಗಿತ್ತರು ಎಂಬ ವಿವರದಲ್ಲಿ ಮಾತ್ರ ಆ ವ್ಯಕ್ತಿ ಬದುಕುತ್ತಾನೆ.

ಈ ಪರಂಪರೆ ಕರ್ನಾಟಕದ ಎಲ್ಲೆಯೊಳಗೇ ನಿಂತಿಲ್ಲ. ಕುವೆಂಪು ಅವರ ಶಿಷ್ಯರಾದ ಜಿ. ಎಸ್. ಶಿವರುದ್ರಪ್ಪನವರು 1963ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಕನ್ನಡದ ಅಧ್ಯಾಪಕರಾಗಿ ಹೋದರು. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಹಚ್ಚಿದ ದೀಪದ ಬೆಳಕು ಹೀಗೆ ಮೂರನೆಯ ತಲೆಮಾರಿನಲ್ಲಿ ಹೊರನಾಡನ್ನು ಮುಟ್ಟಿತು.

ಹೊರನಾಡಿನಲ್ಲಿ ಗುರುಗಳ ಇನ್ನೊಂದು ವರ್ಗವೂ ಇದೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಪಾಠ ಹೇಳಿದವರು ಮಹಾಕವಿಗಳ ಗುರುಗಳಲ್ಲದಿರಬಹುದು. ಅವರ ಹೆಸರನ್ನು ಹೊತ್ತು ನಿಲ್ಲುವ ಕಾವ್ಯವೂ ಇಲ್ಲ. ಅಂಥ ಶಾಲೆಗಳು ಹಲವು ಮುಚ್ಚಿವೆ. ಅಲ್ಲಿ ಓದಿದವರು ವೃದ್ಧರಾಗಿದ್ದಾರೆ. ಹಾಜರಿ ಪುಸ್ತಕ ಸಿಕ್ಕರೂ ಅದರಲ್ಲಿ ಪಾಠದ ಧ್ವನಿ ಇರದು. ಆ ಧ್ವನಿಯನ್ನು ಬಲ್ಲವರು ಬದುಕಿರುವಾಗಲೇ ಪ್ರತಿಯೊಬ್ಬರಿಂದ ಎರಡು ಪುಟ ಬರೆಸಿಕೊಳ್ಳುವುದು ಹೊರನಾಡಿನ ಕನ್ನಡ ಸಂಘಗಳಿಗೆ ಅಸಾಧ್ಯವಲ್ಲ. ಪಂಪನು ದೇವೇಂದ್ರಮುನಿಗೆ ಸಲ್ಲಿಸಿದ್ದು ಇಂಥ ಸ್ಮರಣೆಯನ್ನೇ. ವಿಳಂಬವಾದರೆ ಋಣ ಉಳಿದೀತು, ಸಲ್ಲಿಸಬಲ್ಲವರು ಉಳಿಯಲಾರರು.