ಸಹಿ ಹಾಕದ ಸಲಹೆಗಾರರು

ನಮ್ಮ ರಿಪ್ಪನ್‌ಪೇಟೆ ಕಡೆ ಹಳ್ಳಿಗಳಲ್ಲಿ ನರೇಗಾದಲ್ಲಿ ಮಾಡಿದ ಚರಂಡಿ, ಕೆರೆ, ಕಾಲುವೆ ಪಕ್ಕ ಒಂದು ಬೋರ್ಡ್ ನೋಡಿರ್ತೀರಿ. ಕಾಮಗಾರಿಯ ಹೆಸರು, ಅಂದಾಜು ಮೊತ್ತ ಎಲ್ಲಾ ಅದರ ಮೇಲೆ ಬರೆದಿರಬೇಕು ಅನ್ನೋದು ನಿಯಮ. ಬಿಲ್ ಆಗೋಕೆ ಮೊದಲು ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಅಳತೆ ತಪ್ಪಾದರೆ ಸಹಿ ಹಾಕಿದವರನ್ನೇ ಹಿಡಿದು ಕೇಳ್ತಾರೆ.

ಆದರೆ ಬೆಂಗಳೂರಿನಲ್ಲಿ ಸಚಿವರ ಪಕ್ಕ ಕೂತು "ಹೀಗೆ ಮಾಡಿ ಸಾರ್" ಅಂತ ಹೇಳುವ ಎರಡು ಗುಂಪಿನ ಜನರಿದ್ದಾರೆ. ಒಂದು, ಸಚಿವರ ಸ್ವಂತ ಸಿಬ್ಬಂದಿ ಮತ್ತು ಸಲಹೆಗಾರರು. ಇನ್ನೊಂದು, ಹೊರಗಿನ ಕನ್ಸಲ್ಟೆಂಟ್ ಕಂಪನಿಗಳು. ಇವರ ಮಾತಿನ ಮೇಲೆ ಕೋಟಿಗಟ್ಟಲೆ ಹಣ ಓಡಾಡುತ್ತೆ. ಬೋರ್ಡ್ ಮಾತ್ರ ಎಲ್ಲೂ ಇಲ್ಲ. ಇವರು ಯಾರು, ಹೇಗೆ ಬರ್ತಾರೆ, ತಪ್ಪಾದರೆ ಯಾರನ್ನು ಕೇಳಬೇಕು? ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಆಪ್ತ ಶಾಖೆ

ಪ್ರತಿ ಸಚಿವರಿಗೂ ಒಂದು ಆಪ್ತ ಶಾಖೆ ಇರುತ್ತೆ. ಆಪ್ತ ಕಾರ್ಯದರ್ಶಿ, ವಿಶೇಷ ಕರ್ತವ್ಯಾಧಿಕಾರಿ, ಆಪ್ತ ಸಹಾಯಕರು, ಟೈಪಿಸ್ಟ್, ದಲಾಯತ್, ಡ್ರೈವರ್ ಎಲ್ಲಾ ಅದರಲ್ಲೇ. ಇವರಲ್ಲಿ ಕೆಲವರು ಬೇರೆ ಇಲಾಖೆಯಿಂದ ನಿಯೋಜನೆ ಮೇಲೆ ಬಂದ ಸರ್ಕಾರಿ ನೌಕರರು. ಇನ್ನು ಕೆಲವರು ಸಚಿವರೇ ಆರಿಸಿಕೊಂಡ ಹೊರಗಿನವರು. ಇವರು ಕೆಪಿಎಸ್‌ಸಿ ಪರೀಕ್ಷೆ ಬರೆದಿರಬೇಕು ಅಂತೇನಿಲ್ಲ. ಸಚಿವರ ಕುರ್ಚಿ ಹೋದರೆ ಇವರ ಕೆಲಸವೂ ಹೋಯ್ತು.

ಇದರಲ್ಲೇ ತಪ್ಪು ಹುಡುಕಬೇಕಿಲ್ಲ. ನಂಬಿಕೆಯ ನಾಲ್ಕು ಜನ ಇಲ್ಲದೆ ಯಾರೂ ಇಲಾಖೆ ನಡೆಸೋಕಾಗಲ್ಲ. ತೊಂದರೆ ಶುರುವಾಗೋದು ಸೌಲಭ್ಯ ಬೆಳೆದಾಗ. ಪಕ್ಕದ ಕೇರಳದಲ್ಲಿ ಸಚಿವರ ಆಪ್ತ ಸಿಬ್ಬಂದಿ ಎರಡು ವರ್ಷ ದಾಟಿ ಕೆಲಸ ಮಾಡಿದರೆ ಜೀವನಪೂರ್ತಿ ಪಿಂಚಣಿ ಸಿಗುವ ವ್ಯವಸ್ಥೆ ಇದೆ. 2022ರಲ್ಲಿ ಆಗಿನ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಇದನ್ನು ಬಹಿರಂಗವಾಗಿ ವಿರೋಧಿಸಿದ್ದರು.

34ರ ಲೆಕ್ಕ

ಸಲಹೆಗಾರರ ಹುದ್ದೆ ಯಾಕೆ ಇಷ್ಟು ಹೆಚ್ಚುತ್ತೆ ಅಂತ ತಿಳಿಯೋಕೆ ಒಂದು ಸಣ್ಣ ಲೆಕ್ಕ ಸಾಕು. 2003ರ 91ನೇ ಸಂವಿಧಾನ ತಿದ್ದುಪಡಿ ಪ್ರಕಾರ ರಾಜ್ಯದ ಮಂತ್ರಿಮಂಡಲ ವಿಧಾನಸಭೆಯ ಬಲದ ಶೇ. 15 ಮೀರಬಾರದು. ನಮ್ಮಲ್ಲಿ 224 ಸ್ಥಾನ, ಅಂದರೆ ಮುಖ್ಯಮಂತ್ರಿ ಸೇರಿ 34 ಜನ. 2023ರಲ್ಲಿ ಕಾಂಗ್ರೆಸ್ ಗೆದ್ದದ್ದು 135. ಉಳಿದ ನೂರು ಜನರನ್ನು ಸಮಾಧಾನ ಮಾಡೋದು ಹೇಗೆ?

ಅದಕ್ಕೇ ಇರೋದು "ಸಂಪುಟ ದರ್ಜೆ ಸ್ಥಾನಮಾನ". ಮಂತ್ರಿ ಅಲ್ಲ, ಆದರೆ ಮಂತ್ರಿಯ ಹಾಗೆ. 2023ರಲ್ಲಿ ಚುನಾವಣಾ ತಂತ್ರಗಾರ ಸುನಿಲ್ ಕನುಗೋಲು ಮುಖ್ಯಮಂತ್ರಿಯ ಮುಖ್ಯ ಸಲಹೆಗಾರರಾದರು, ಶಾಸಕ ಬಸವರಾಜ ರಾಯರೆಡ್ಡಿ ಆರ್ಥಿಕ ಸಲಹೆಗಾರರಾದರು. 2024ರ ಜನವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸಕರಿಗೆ ನಿಗಮ-ಮಂಡಳಿ ಸಿಕ್ಕಿತು. ನಮ್ಮ ಸಾಗರದ ಶಾಸಕ ಗೋಪಾಲಕೃಷ್ಣ ಬೇಳೂರು ಅವರಿಗೆ ಬಂದದ್ದು ಅರಣ್ಯ ಕೈಗಾರಿಕಾ ನಿಗಮ. ಇದು ಒಂದೇ ಪಕ್ಷದ ಕಥೆ ಅಂದ್ಕೋಬೇಡಿ. ನಮ್ಮದೇ ಜಿಲ್ಲೆಯ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಶಾಸಕ ಎಂ.ಪಿ. ರೇಣುಕಾಚಾರ್ಯ ರಾಜಕೀಯ ಕಾರ್ಯದರ್ಶಿ ಆಗಿದ್ದರು. ಲಾಭದಾಯಕ ಹುದ್ದೆ ಹಿಡಿದರೆ ಶಾಸಕ ಸ್ಥಾನ ಹೋಗಬೇಕು ನಿಜ, ಆದರೆ ಯಾವ ಹುದ್ದೆಗೆ ವಿನಾಯಿತಿ ಅಂತ ಪಟ್ಟಿ ಮಾಡುವ 1956ರ ಕಾಯ್ದೆಗೆ ತಿದ್ದುಪಡಿ ತರೋದು ಶಾಸಕರ ಕೈಯಲ್ಲೇ ಇದೆ.

ಕನ್ಸಲ್ಟೆಂಟ್ ಬರೋದು ಹೇಗೆ?

ಕಂಪನಿಗಳಿಗೆ ದಾರಿ ಬೇರೆ. 1999ರ ಕೆಟಿಪಿಪಿ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಟೆಂಡರ್ ಕರೆಯಬೇಕು. ಇಂಥ ಟೆಂಡರ್‌ನಲ್ಲಿ ಕಡಿಮೆ ರೇಟ್ ಹೇಳಿದವರೇ ಗೆಲ್ಲಬೇಕು ಅಂತಿಲ್ಲ. ತಾಂತ್ರಿಕ ಗುಣಮಟ್ಟಕ್ಕೆ ಇಷ್ಟು ಅಂಕ, ರೇಟ್‌ಗೆ ಇಷ್ಟು ಅಂಕ ಅಂತ ಹಂಚಿ ಕೂಡಿಸೋದೂ ಉಂಟು. ಜೊತೆಗೆ ಅದೇ ಕಾಯ್ದೆಯ 4(ಜಿ) ಅಡಿ ಸರ್ಕಾರ ಟೆಂಡರ್‌ನಿಂದಲೇ ವಿನಾಯಿತಿ ಕೊಡಬಹುದು.

ಈಗ ನಮ್ಮ ಬ್ರಾಂಚ್‌ಗೆ ಹತ್ತಿರದ ಉದಾಹರಣೆ. ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 18 ಕಿ.ಮೀ. ಸುರಂಗ ರಸ್ತೆಗೆ ಬಿಬಿಎಂಪಿ ಹೊರಗಿನ ಸಂಸ್ಥೆಯಿಂದ ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ ಮಾಡಿಸಿತು. ವೆಚ್ಚ ಸುಮಾರು 9.5 ಕೋಟಿ ರೂ. ವರದಿ ತೆಗೆದು ನೋಡಿದರೆ ಬೆಂಗಳೂರಿನ ಸಂಚಾರದ ಮಧ್ಯೆ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಹೆಸರು! ಸೀನಿಯರ್ ಲ್ಯಾಬ್ ರೆಕಾರ್ಡ್ ಕಾಪಿ ಮಾಡುವಾಗ ಅವರ ಯುಎಸ್‌ಎನ್ ಅಳಿಸೋಕೆ ಮರೆತ ಹಾಗೆ. ಸುದ್ದಿಯಾದ ಮೇಲೆ ಸಂಸ್ಥೆಗೆ 5 ಲಕ್ಷ ದಂಡ ಬಿತ್ತು. ವೆಚ್ಚಕ್ಕೆ ಹೋಲಿಸಿದರೆ ಇದು ಶೇ. 1 ಕೂಡ ಅಲ್ಲ.

ನಗು ಬರುತ್ತೆ. ಆದರೆ ಈ ವರದಿಯನ್ನು ಸರ್ಕಾರದ ಕಡೆಯಿಂದ ಓದಿ "ಸರಿ ಇದೆ" ಅಂದವರು ಯಾರು? ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆ ಖಾಲಿ ಇವೆ. ಕೆಲಸ ಮಾಡೋಕೆ ಜನ ಇಲ್ಲ ಅಂತ ಹೊರಗೆ ಕೊಡ್ತಾರೆ. ಹೊರಗೆ ಕೊಟ್ಟದ್ದನ್ನು ಚೆಕ್ ಮಾಡೋಕೂ ಜನ ಇರಲ್ಲ. ಆಸ್ಟ್ರೇಲಿಯಾದಲ್ಲಿ ಸರ್ಕಾರವೇ ಲೆಕ್ಕ ಹಾಕಿಸಿ ನೋಡಿದಾಗ 2021-22ರಲ್ಲಿ ಹೊರಗಿನ ಕೆಲಸಗಾರರಿಗೆ 2,080 ಕೋಟಿ ಆಸ್ಟ್ರೇಲಿಯನ್ ಡಾಲರ್ ಹೋಗಿತ್ತು. ಅದು ಸುಮಾರು 54,000 ಪೂರ್ಣಾವಧಿ ನೌಕರರ ಕೆಲಸಕ್ಕೆ ಸಮ. ಲೆಕ್ಕ ಜನರ ಮುಂದೆ ಬಂದದ್ದರಿಂದ ಅಲ್ಲಿ ಚರ್ಚೆಯಾದರೂ ಆಯ್ತು.

ವಿಶ್ವೇಶ್ವರಯ್ಯನವರೂ ಕನ್ಸಲ್ಟೆಂಟೇ

ಹಾಗಾದರೆ ಹೊರಗಿನವರೇ ಬೇಡವಾ? ಹಾಗೂ ಹೇಳೋಕಾಗಲ್ಲ. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕುವ ಸರ್ ಎಂ.ವಿ. ಕೂಡ ಒಮ್ಮೆ ಹೊರಗಿನ ಸಲಹೆಗಾರರಾಗಿದ್ದವರು. 1908ರಲ್ಲಿ ಮೂಸಿ ನದಿ ಪ್ರವಾಹದಿಂದ ಹೈದರಾಬಾದ್‌ನಲ್ಲಿ ಸಾವಿರಾರು ಜನ ಸತ್ತರು. ಆಗ ಮುಂಬೈ ಪ್ರಾಂತ್ಯದ ಸೇವೆ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿತು. ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯಿರಿ ಅಂತ ಅವರು ವರದಿ ಕೊಟ್ಟರು. ಅದರಿಂದ ಬಂದದ್ದೇ ಒಸ್ಮಾನ್ ಸಾಗರ, ಹಿಮಾಯತ್ ಸಾಗರ. ಸಲಹೆ ಯಾರದ್ದು ಅಂತ ನೂರು ವರ್ಷ ದಾಟಿದರೂ ನಮಗೆ ಗೊತ್ತಿದೆ. ಅದು ಸೋತಿದ್ದರೂ ಅವರ ಹೆಸರಲ್ಲೇ ಸೋಲುತ್ತಿತ್ತು. ಹೊರಗಿನವರನ್ನು ಕರೆಯಲಿ, ಆದರೆ ಸಲಹೆಯ ಮೇಲೆ ಹೆಸರು ಇರಲಿ. ನನ್ನ ವಾದ ಇಷ್ಟೇ.

ನಾವೇನು ಮಾಡಬಹುದು?

ಬ್ರಿಟನ್‌ನಲ್ಲಿ 2010ರ ಕಾನೂನಿನಡಿ ಸಚಿವರ ವಿಶೇಷ ಸಲಹೆಗಾರರ ಬಗ್ಗೆ ಪ್ರತಿ ವರ್ಷ ವರದಿ ಪ್ರಕಟಿಸಲೇಬೇಕು. ನಮ್ಮಲ್ಲೂ ಅಸ್ತ್ರ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸರ್ಕಾರಿ ಕಚೇರಿ ತನ್ನ ನೌಕರರ ಪಟ್ಟಿ ಮತ್ತು ಮಾಸಿಕ ಸಂಬಳವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ನಾವೇ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಕೇಳಬೇಕಾದ್ದು ಕೂಡ ಕಷ್ಟದ್ದಲ್ಲ: ಡಿಪಿಆರ್ ಬರೆದದ್ದು ಯಾರು, ಎಷ್ಟು ಕೊಟ್ಟಿರಿ, ಟೆಂಡರ್ ಆಯ್ತಾ ಅಥವಾ 4(ಜಿ) ವಿನಾಯಿತಿಯಾ, ವರದಿ ಪರಿಶೀಲಿಸಿ ಸಹಿ ಹಾಕಿದ ಎಂಜಿನಿಯರ್ ಯಾರು.

ಇದು ನಮಗೆ ದೂರದ ವಿಷಯ ಅಲ್ಲ. ಇನ್ನು ಮೂರ್ನಾಲ್ಕು ವರ್ಷದಲ್ಲಿ ನಮ್ಮ ಕ್ಲಾಸಿನಲ್ಲೇ ಒಬ್ಬರು ಪಿಡಬ್ಲ್ಯೂಡಿಯಲ್ಲಿ ಎಇ ಆಗಿರ್ತಾರೆ, ಇನ್ನೊಬ್ಬರು ಕನ್ಸಲ್ಟೆಂಟ್ ಕಂಪನಿಯಲ್ಲಿ ಡಿಪಿಆರ್ ಬರೀತಿರ್ತಾರೆ. ಮೊದಲನೆಯವರ ಸಹಿ ಅಳತೆ ಪುಸ್ತಕದಲ್ಲಿ ಇದ್ದೇ ಇರುತ್ತೆ. ಎರಡನೆಯವರ ಹೆಸರೂ ಅವರು ಬರೆದ ವರದಿಯ ಮೇಲೆ ಇರಬೇಕು.