ಡೈನಮೈಟ್ ಶಬ್ದದ ಕಥೆ

ನಮ್ಮ ಖಾನಾಪುರ ಕಡೆ ಬಾವಿ ತೋಡುವಾಗ ಬಂಡೆಗಲ್ಲು ಹತ್ತಿದರೆ ಮದ್ದಿಟ್ಟು ಸಿಡಿಸುತ್ತಾರೆ. ಅದಕ್ಕೆ ನಮ್ಮ ಓಣಿಯವರು 'ಡೈನಾಮೆಂಟ್' ಅಂತಾರೆ. ನಾನೂ ಹಂಗೇ ಬರೆದೆ, ಒಂದು ಮಾರ್ಕು ಹೋಯಿತು.

ಸರಿಯಾದ ಶಬ್ದ ಡೈನಮೈಟ್. ಸ್ಪೆಲ್ಲಿಂಗ್: ಡಿ, ವೈ, ಎನ್, ಎ, ಎಂ, ಐ, ಟಿ, ಇ. ಗ್ರೀಕ್ ಭಾಷೆಯ 'ಡೈನಮಿಸ್' ಅಂದರೆ ಶಕ್ತಿ. ಸೈಕಲ್ಲಿನ ಡೈನಮೋ ಶಬ್ದವೂ ಅದರಿಂದಲೇ ಬಂದದ್ದು.

1864ರಲ್ಲಿ ಸ್ವೀಡನ್ ದೇಶದ ಆಲ್ಫ್ರೆಡ್ ನೊಬೆಲ್ ಅವರ ಕಾರ್ಖಾನೆಯಲ್ಲಿ ನೈಟ್ರೋಗ್ಲಿಸರಿನ್ ಎಂಬ ಎಣ್ಣೆ ಸಿಡಿದು ಅವರ ತಮ್ಮ ಎಮಿಲ್ ತೀರಿಕೊಂಡನು. ಆಮೇಲೆ ನೊಬೆಲ್ ಆ ಎಣ್ಣೆಯನ್ನು ಒಂದು ಜಾತಿಯ ಮಣ್ಣಿಗೆ ಹೀರಿಸಿ ಅಪಾಯ ಕಡಿಮೆ ಮಾಡಿದರು. 1867ರಲ್ಲಿ ಅದಕ್ಕೆ ಡೈನಮೈಟ್ ಎಂದು ಹೆಸರಿಟ್ಟರು. ಈಗ ಬೇರೆ ಮದ್ದು ಬಂದರೂ ಜನರ ಬಾಯಲ್ಲಿ ಹೆಸರು ಅದೇ.

ಗೆಳೆಯರೇ, ಸಿಡಿಯದೆ ಉಳಿದ ಮದ್ದು ಕಂಡರೆ ಮುಟ್ಟಬೇಡಿರಿ, ದೊಡ್ಡವರಿಗೆ ಹೇಳಿರಿ. ಸ್ಪೆಲ್ಲಿಂಗ್ ತಪ್ಪಿದರೆ ಮಾರ್ಕು ಹೋಗುತ್ತದೆ, ಮದ್ದು ಮುಟ್ಟಿದರೆ ಕೈಯೇ ಹೋಗುತ್ತದೆ.